ಕಾಕಾನ ಸಿಂಟೆಕ್ಸ್, ಬಾರದ ವಿಮಾನ

ನಮ್ಮ ಕಾಕಾ ಹೊಲದ ಮನೆ ಮೇಲೆ ಒಂದು ಸಿಂಟೆಕ್ಸ್ ಇಡಬೇಕು ಅಂದುಕೊಂಡರು. ಐನೂರು ಲೀಟರಿನದು, ಕರೀದು, ಎಲ್ಲರ ಮನೆ ಮೇಲೂ ಇರುತ್ತದಲ್ವಾ, ಅದೇ. ಸುಮ್ನೆ ಇಟ್ಟುಬಿಟ್ಟಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ಕಾಕಾ ಕಾಯ್ದೆ ಪ್ರಕಾರ ನಡೆಯುವ ಮನುಷ್ಯ. ಒಂದು ಮಾತು ಕೇಳಿಬಿಡೋಣ ಅಂತ ಹೋಗಿ ಕೇಳಿದರು. ಅಲ್ಲಿಂದ ಶುರುವಾಯಿತು ನೋಡಿ.

ಹೊಲ ಇರುವುದು ಒಂದು ಸಣ್ಣ ವಿಮಾನದ ಬಯಲಿಗೆ ಹೊಂದಿಕೊಂಡು. ಯಾವ ಊರಿನದು ಅಂತ ಹೇಳುವುದಿಲ್ಲ. ಕಲಬುರಗಿ, ಬೀದರ, ಯಾದಗಿರಿ ಇವುಗಳ ನಡುವೆ ಎಲ್ಲೋ ಒಂದು ಕಡೆ ಅಂತ ತಿಳಿಯಿರಿ. ಹೆಸರು ಬರೆದರೆ ಆ ಹೆಸರು ಎಷ್ಟು ಅಡಿ ಎತ್ತರ ಇದೆ ಅಂತ ಅದಕ್ಕೂ ಎನ್‌ಒಸಿ, ಅಂದರೆ ಅಭ್ಯಂತರ ಇಲ್ಲ ಅನ್ನುವ ಪತ್ರ, ಕೇಳಿಯಾರು. ಕಾಂಪೌಂಡ್ ಗೋಡೆಯ ಆಚೆ ರನ್‌ವೇ, ಈಚೆ ಕಾಕಾನ ತೊಗರಿ. ರನ್‌ವೇ ತುದಿಯಿಂದ ಮನೆಗೆ 360 ಮೀಟರ್. ಇದು ನನ್ನ ಅಂದಾಜಲ್ಲ, ಅಳೆಯುವವರೇ ಬಂದು ಮೂರು ಕಾಲಿನ ಯಂತ್ರ ಇಟ್ಟು, ಒಂದು ಕಣ್ಣು ಮುಚ್ಚಿ ಅಳೆದದ್ದು. ಅಲ್ಲಿಗೆ ವಿಮಾನ ಎಷ್ಟು ಬರುತ್ತವೆ ಅಂತ ಕೇಳಬೇಡಿ. ಚುನಾವಣೆ ಹತ್ತಿರ ಬಂದಾಗ ಒಂದೆರಡು ಹೆಲಿಕಾಪ್ಟರ್ ಬರುತ್ತವೆ. ಉಳಿದಂತೆ ಗಾಳಿ ಬರುತ್ತದೆ. ಗಾಳಿ ಯಾವ ಕಡೆಯಿಂದ ಬಂತು ಅಂತ ತೋರಿಸಲು ಕಂಬಕ್ಕೆ ಒಂದು ಬಟ್ಟೆಯ ಚೀಲ ಕಟ್ಟಿದ್ದಾರೆ, ಕಾಕಾ ಅದನ್ನು ನೋಡಿಕೊಂಡು ರಾಶಿ ತೂರುತ್ತಾರೆ. ಈ ಭಾಗದ ರೈತನಿಗೆ ವಿಮಾನಯಾನದಿಂದ ಸಿಕ್ಕ ನೇರ ಲಾಭ ಅಂದರೆ ಸದ್ಯಕ್ಕೆ ಅದೊಂದೇ.

ಈಗ ನಿಯಮ ಕೇಳಿ. ಇದನ್ನು ನಾನು ಓದಿ ಅರ್ಥ ಮಾಡಿಕೊಳ್ಳಲು ಎರಡು ರಾತ್ರಿ ಹಿಡಿಯಿತು, ನೀವು ಎರಡು ನಿಮಿಷ ಕೊಡಿ.

ಪ್ರತಿ ರನ್‌ವೇ ಮೇಲೆ ಆಕಾಶದಲ್ಲಿ ಒಂದು ಕಾಣದ ಬುಟ್ಟಿ ಇರುತ್ತದೆ. ನಮ್ಮ ರೊಟ್ಟಿ ಬುಟ್ಟಿ ಇದ್ದ ಹಾಗೇ, ತಳ ಸಣ್ಣದು, ಬಾಯಿ ಅಗಲ. ಉಪಕರಣ ನೋಡಿಕೊಂಡು ಇಳಿಯುವ ದೊಡ್ಡ ರನ್‌ವೇ ಆದರೆ, ತುದಿಯಿಂದ 60 ಮೀಟರ್ ಬಿಟ್ಟು ಒಂದು ಇಳಿಜಾರು ಶುರುವಾಗುತ್ತದೆ. 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೇರುತ್ತದೆ. ಅಕ್ಕಪಕ್ಕದಲ್ಲಿ ಇನ್ನೂ ಕಡಿದಾಗಿ, 7 ಮೀಟರಿಗೆ 1 ಮೀಟರ್. ಮೇಲೆ 45 ಮೀಟರ್ ಎತ್ತರದಲ್ಲಿ 4 ಕಿಲೋಮೀಟರ್ ದೂರದವರೆಗೆ ಒಂದು ಚಪ್ಪಟೆ ಮುಚ್ಚಳ, ಅದರಾಚೆ ಮತ್ತೆ ಓರೆಯಾಗಿ 100 ಮೀಟರ್ ಏರುವ ಅಂಚು. ಈ ಬುಟ್ಟಿಯನ್ನು ಯಾವುದೂ ಚುಚ್ಚಬಾರದು. ಮನೆ, ಮರ, ಕಂಬ, ಗೋಪುರ, ಮೊಬೈಲ್ ಟವರ್, ಏನೂ. ಚುಚ್ಚಿದರೆ ಅದಕ್ಕೆ ಅಡೆತಡೆ ಅಂತ ಹೆಸರು.

ಇದೇ ಅಳತೆ ಹಿಡಿದು ಲೆಕ್ಕ ಹಾಕೋಣ. ಕಾಕಾನ ಮನೆ 360 ಮೀಟರ್ ದೂರ. ಅದರಲ್ಲಿ 60 ಕಳೆದರೆ 300. ಐವತ್ತಕ್ಕೆ ಒಂದರಂತೆ 6 ಮೀಟರ್. ಅಂದರೆ ನೆಲ ಸಮ ಇದೆ ಅಂತಿಟ್ಟುಕೊಂಡರೆ ಕಾಕಾನಿಗೆ ಸೇರಿದ ಆಕಾಶ 19 ಅಡಿ 8 ಇಂಚು. ಮನೆ 11 ಅಡಿ, ಮೆಟ್ಟಿಲ ಮೇಲಿನ ಗೂಡು 7 ಅಡಿ, ಅದರ ಮೇಲೆ ಕೂರುವ ಸಿಂಟೆಕ್ಸ್ 4 ಅಡಿ. ಒಟ್ಟು 22. ಎರಡು ಅಡಿ ನಾಲ್ಕು ಇಂಚು ಜಾಸ್ತಿ!

"ಹೊಲದಾಗಿನ ನೆಲ ರನ್‌ವೇಗಂತ ಹೋತು, ಇದ್ದ ನೆಲದ ಮ್ಯಾಲಿನ ಆಕಾಶನೂ ಹೋತಾ?" ಅಂತ ಕಾಕಾ ಕೇಳಿದರು. ನಾನು ಹೌದು ಅಂದೆ. "ಪರಿಹಾರ ಎಷ್ಟು ಕೊಡ್ತಾರಂತ?" ಅಂದರು. ಆಕಾಶಕ್ಕೆ ಎಕರೆ ಲೆಕ್ಕ ಇರುವುದಿಲ್ಲ ಅಂತ ತಿಳಿಸಿ ಹೇಳಬೇಕಾಯಿತು.

ಅರ್ಜಿ ಹಾಕಲು ಕಾಕಾನ ಜೊತೆ ಒಂದು ಕಚೇರಿಗೆ ನಾನೂ ಹೋಗಿದ್ದೆ. ಮೇಜಿನ ಆಚೆಗಿದ್ದವರು ಒಳ್ಳೆಯವರೇ, ಚಾ ಕೂಡ ತರಿಸಿದರು. ಹೊಲದ ಅಕ್ಷಾಂಶ, ರೇಖಾಂಶ ಡಿಗ್ರಿ, ಮಿನಿಟು, ಸೆಕೆಂಡುಗಳಲ್ಲಿ ಬೇಕು ಅಂದರು. ಆಯಿತು. ಆಮೇಲೆ, "ನಿಮ್ಮ ಜಾಗ ಸಮುದ್ರಮಟ್ಟದಿಂದ ಎಷ್ಟು ಎತ್ತರ?" ಅಂದರು.

ಕಾಕಾ ನನ್ನ ಮುಖ ನೋಡಿದರು. ಆಮೇಲೆ ಅವರ ಮುಖ ನೋಡಿ, ಮರ್ಯಾದೆಯಿಂದಲೇ ಕೇಳಿದರು: "ಸಾಹೇಬ್ರ, ಸಮುದ್ರ ಯಾವ ಕಡೆ ಅದ್ರಿ?"

ನಗಬೇಡಿ. ಕಲಬುರಗಿ ಊರು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 450 ಮೀಟರ್ ಎತ್ತರದಲ್ಲಿದೆ ಅಂತ ನಿಮಗೂ ನನಗೂ ಗೂಗಲ್ ಹೇಳುತ್ತದೆ. ಆದರೆ ಅಲ್ಲಿ ಗೂಗಲ್ ನಡೆಯುವುದಿಲ್ಲ, ಪ್ರಮಾಣಪತ್ರ ಬೇಕು. ಅದಕ್ಕೆ ಸರ್ವೆಯವರು ಬರಬೇಕು, ಅವರಿಗೆ ಗಾಡಿ ಖರ್ಚು, ಊಟ. ಐನೂರು ಲೀಟರ್ ಟ್ಯಾಂಕಿನ ರೇಟಿಗಿಂತ ಅದರ ಎತ್ತರದ ರೇಟು ಜಾಸ್ತಿಯಾಯಿತು. ಎತ್ತರದ ಈ ನಿರ್ಬಂಧಗಳಿಗೆ 2015ರಲ್ಲಿ ಕೇಂದ್ರ ಸರಕಾರ ಹೊಸ ನಿಯಮ ತಂದಿದೆ. ಬಣ್ಣದ ನಕಾಶೆ, ಆನ್‌ಲೈನ್ ಅರ್ಜಿ, ಎಲ್ಲಾ ಇದೆ. ನಕಾಶೆಯಲ್ಲಿ ಕಾಕಾನ ಹೊಲ ಕೆಂಪು ಬಣ್ಣದಲ್ಲಿತ್ತು. "ನಂದು ಕರಿ ಮಣ್ಣಿನ ಎರಿ ಹೊಲ, ಕೆಂಪು ಮಣ್ಣಿನ ಮಸಾರಿ ಅಲ್ಲ, ಕೆಂಪು ಯಾಕ ಬರದಾರ?" ಅಂತ ಅದಕ್ಕೂ ಒಂದು ತಕರಾರು ತೆಗೆದರು.

ಸಿಂಟೆಕ್ಸ್ ವಿಷಯ ಹೀಗೆ ನೇತಾಡುತ್ತಿರುವಾಗ ಅಳೆಯುವವರ ಕಣ್ಣು ಬೇವಿನ ಗಿಡದ ಮೇಲೆ ಬಿತ್ತು. ನಮ್ಮ ಅಜ್ಜ ಹಚ್ಚಿದ್ದು. ಅದರ ತುದಿ ಬುಟ್ಟಿಯನ್ನು ಮೂರು ಮೀಟರ್ ಚುಚ್ಚಿಕೊಂಡು ನಿಂತಿದೆಯಂತೆ. ಕಟ್ಟಡಕ್ಕಷ್ಟೇ ಅಲ್ಲ, ವಿಮಾನಕ್ಕೆ ಅಡ್ಡಬರುವ ಮರಗಳನ್ನು ತೆಗೆಸುವುದಕ್ಕೂ 1994ರಲ್ಲೇ ನಿಯಮಗಳು ಬಂದಿವೆ, ನೋಟಿಸ್ ಕೊಡುವ ಪದ್ಧತಿ ಇದೆ. ಮನೆಗಾದರೆ ಒಮ್ಮೆ ಎನ್‌ಒಸಿ ತಗೊಂಡರೆ ಅದು ಅಷ್ಟೇ ಎತ್ತರ ಇರುತ್ತದೆ. ಗಿಡ ಹಾಗಲ್ಲ. ಮಳೆ ಚೆನ್ನಾಗಿ ಆದ ವರ್ಷ ಯಾರನ್ನೂ ಕೇಳದೆ ಬೆಳೆದುಬಿಡುತ್ತದೆ. ಬರಗಾಲ ಬಿದ್ದರೆ ವಿಮಾನಕ್ಕೆ ಸುರಕ್ಷಿತ.

ಕೆಲವು ಅಡೆತಡೆಗಳನ್ನು ಕೆಡವದೇ ಕೆಂಪು, ಬಿಳಿ ಪಟ್ಟಿ ಬಳಿದು ತುದಿಗೆ ಕೆಂಪು ದೀಪ ಹಚ್ಚಿದರೂ ನಡೆಯುತ್ತದೆ. ಎತ್ತರದ ಚಿಮಣಿಗಳಿಗೆ, ಟವರುಗಳಿಗೆ ಹಾಗೆ ಮಾಡಿರುವುದನ್ನು ನೀವೂ ನೋಡಿರುತ್ತೀರಿ, ಸೇಡಂ ಕಡೆ ರಾತ್ರಿ ಹೋದರೆ ಸಿಮೆಂಟ್ ಕಾರ್ಖಾನೆಗಳ ದೀಪ ಕಾಣುತ್ತವೆ. ಅವು ರನ್‌ವೇಯಿಂದ ದೂರ ಇರುವುದರಿಂದ ಅವುಗಳ ಪಾಲಿನ ಆಕಾಶ ದೊಡ್ಡದು. ಇದನ್ನು ಕೇಳಿ ಕಾಕಾನಿಗೆ ಆಸೆ ಹುಟ್ಟಿತು. "ಗಿಡಕ್ಕ ಪಟ್ಟಿ ಬಳೀತೀನಿ, ತುದೀಗಿ ಕೆಂಪ ಬಲ್ಬೂ ಹಚ್ತೀನಿ. ಆದ್ರ ರಾತ್ರಿ ಕರೆಂಟ್ ನೀವೇ ಕೊಡ್ಬೇಕ್ರಿ" ಅಂದರು. ಅಳೆಯುವವರು ಅದನ್ನು ಬರೆದುಕೊಳ್ಳಲಿಲ್ಲ.

ಹಕ್ಕಿಗಳ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. 1937ರ ವಿಮಾನ ನಿಯಮಗಳಲ್ಲಿ 91ನೆಯದು ಅಂತ ಒಂದಿದೆ. ವಿಮಾನ ನಿಲ್ದಾಣದ ಸುತ್ತ 10 ಕಿಲೋಮೀಟರ್ ಒಳಗೆ ಹಕ್ಕಿಗಳನ್ನು ಸೆಳೆಯುವ ಹಾಗೆ ಕಸ ಸುರಿಯಬಾರದು, ಬಯಲಲ್ಲಿ ಪ್ರಾಣಿ ಕೊಯ್ಯಬಾರದು. ಎಂಜಿನ್ನಿಗೆ ಒಂದು ಹದ್ದು ಹೋದರೂ ಅನಾಹುತವೇ, ಅದರಲ್ಲಿ ತಮಾಷೆ ಏನಿಲ್ಲ. ಆದರೆ ಅದೇ ಹತ್ತು ಕಿಲೋಮೀಟರ್ ಒಳಗೆ ಊರ ಕಸದ ಗುಡ್ಡ ಬೆಳೆದು ನಿಂತಿದೆ, ಅದರ ಮೇಲೆ ಹದ್ದುಗಳು ಸುತ್ತು ಹೊಡೆಯುತ್ತಿವೆ. ಅದರ ಎತ್ತರ ಅಳೆಯಲು ಯಾರೂ ಮೂರು ಕಾಲಿನ ಯಂತ್ರ ಒಯ್ದಿಲ್ಲ. ವಾಸನೆ ಇರಬಹುದು.

ಇನ್ನು ದೊಡ್ಡ ನಿಲ್ದಾಣಗಳ ಕಥೆ. ಕಲಬುರಗಿಯಲ್ಲಿ 2008ರಲ್ಲಿ ಅಡಿಗಲ್ಲು ಬಿತ್ತು, 2019ರ ನವೆಂಬರ್ 22ಕ್ಕೆ ಉದ್ಘಾಟನೆ ಆಯಿತು. ಹನ್ನೊಂದು ವರ್ಷ. ಅಡಿಗಲ್ಲಿನ ದಿನ ಹುಟ್ಟಿದ ಕೂಸು ವಿಮಾನ ಬರುವಷ್ಟರಲ್ಲಿ ಐದನೇ ಕ್ಲಾಸು ಮುಗಿಸಿರುತ್ತದೆ. ಸಣ್ಣ ಊರುಗಳಿಗೆ ವಿಮಾನ ಬಿಡುವ ಉಡಾನ್ ಯೋಜನೆಯಲ್ಲಿ ಸರಕಾರ ವಿಮಾನ ಕಂಪನಿಗೆ ಮೂರು ವರ್ಷ ನಷ್ಟ ತುಂಬಿಕೊಡುತ್ತದೆ, ಆಮೇಲೆ ನಿನ್ನ ಕಾಲ ಮೇಲೆ ನೀನು ಹಾರು ಅನ್ನುತ್ತದೆ. ನಮ್ಮ ಕಡೆ ಮೂರು ವರ್ಷ ಆದ ಮೇಲೆ ಒಂದೊಂದೇ ಮಾರ್ಗ ಸೊರಗಿ, 2025ರಲ್ಲಿ ಬೆಂಗಳೂರಿನ ವಿಮಾನವೂ ನಿಂತಿತು. ಬೀದರದ್ದು ಇನ್ನೂ ಚಂದ. 2020ರ ಫೆಬ್ರವರಿಯಲ್ಲಿ ಶುರು, ಆಮೇಲೆ ಬಂದ್, ಮತ್ತೆ ಶುರು, ಮತ್ತೆ ಬಂದ್, 2025ರಲ್ಲಿ ಮತ್ತೆ ಶುರು. ಪಂಪ್‌ಸೆಟ್ಟಿನ ಕರೆಂಟ್ ಕಂಡವರಿಗೆ ಇದು ಹೊಸದಲ್ಲ.

ರನ್‌ವೇಗೆ ಮಾತ್ರ ಯಾರೂ ಕೊಂಕು ಹೇಳುವಂತಿಲ್ಲ. ಕಲಬುರಗಿಯದು 3,175 ಮೀಟರ್ ಉದ್ದ, 45 ಮೀಟರ್ ಅಗಲ. ಇಷ್ಟುದ್ದ ಯಾಕೆ ಅನ್ನುವವರು ಮೇ ತಿಂಗಳಲ್ಲಿ ಒಮ್ಮೆ ಬರಲಿ. ಬಿಸಿ ಗಾಳಿ ತೆಳ್ಳಗಾಗುತ್ತದೆ, ರೆಕ್ಕೆಗೆ ಹಿಡಿತ ಸಿಗುವುದಿಲ್ಲ, ವಿಮಾನ ಜಾಸ್ತಿ ದೂರ ಓಡಬೇಕು. ನೆಲದ ಎತ್ತರಕ್ಕೆ 300 ಮೀಟರಿಗೆ ನೂರಕ್ಕೆ ಏಳು, ಬಿಸಿಲಿಗೆ ಒಂದೊಂದು ಡಿಗ್ರಿಗೆ ನೂರಕ್ಕೆ ಒಂದು ಅಂತ ಉದ್ದ ಕೂಡಿಸುತ್ತಾ ಹೋಗುತ್ತಾರೆ. ಸಮುದ್ರದ ದಂಡೆಯ ತಂಪಿನಲ್ಲಿ 2,200 ಮೀಟರ್ ಸಾಕಾಗುವ ವಿಮಾನಕ್ಕೆ ನಮ್ಮ 40 ಡಿಗ್ರಿಯಲ್ಲಿ 3,100ರ ಹತ್ತಿರ ಬೇಕು. ನಮ್ಮ ಬಿಸಿಲಿಗೆ ಸರಕಾರ ಲೆಕ್ಕ ಇಟ್ಟು ಏನಾದರೂ ಕೊಡುವ ಜಾಗ ಇದೊಂದೇ ಇರಬೇಕು, ಬೇರೆಲ್ಲೂ ಬಿಸಿಲು ಭತ್ಯೆ ಸಿಕ್ಕಿದ್ದು ನಾನು ಕೇಳಿಲ್ಲ.

ಕಲಬುರಗಿ ರನ್‌ವೇಯ ಉದ್ದ, ಅಗಲ ಹೇಳಿದಾಗ ಕಾಕಾ ಬೆರಳು ಮಡಚಿ ಗುಣಾಕಾರ ಶುರು ಮಾಡಿದರು. ಕೊನೆಗೆ ಮೊಬೈಲ್ ತೆಗೆದು ನಾನೇ ಹೇಳಿದೆ, 35 ಎಕರೆ ಬರುತ್ತದೆ.

"ಮೂವತ್ತೈದ ಎಕರೆ ಕಣ!" ಅಂದರು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಒಂದು ಹಳ್ಳ ಇಲ್ಲ, ಹರಳಿಲ್ಲ. ಇಡೀ ತಾಲೂಕಿನ ತೊಗರಿ ಒಂದೇ ದಿನದಾಗ ಒಣಗ್ತಾವ. ಹಂಗೇ ಬಿಟ್ಟಾರಲ್ಲೋ!"

ತುದಿಯಲ್ಲಿ ದೊಡ್ಡದಾಗಿ 09 ಅಂತಲೂ, ಇನ್ನೊಂದು ತುದಿಯಲ್ಲಿ 27 ಅಂತಲೂ ಬರೆದಿರುತ್ತದೆ ಅಂದೆ. ಸರ್ವೆ ನಂಬರಾ ಅಂದರು. ಅಲ್ಲ, ದಿಕ್ಸೂಚಿಯ 90 ಡಿಗ್ರಿ, 270 ಡಿಗ್ರಿ, ಕೊನೆಯ ಸೊನ್ನೆ ಬಿಟ್ಟು ಬರೆಯುತ್ತಾರೆ, ಒಂದು ಕಡೆಯಿಂದ ಇಳಿದರೆ ಮೂಡಣಕ್ಕೆ ಮುಖ, ಇನ್ನೊಂದು ಕಡೆಯಿಂದ ಪಡುವಣಕ್ಕೆ ಅಂತ ಬಿಡಿಸಿ ಹೇಳಿದೆ. "ಇಳದ್ರ ತಾನೇ ಮುಖ" ಅಂದರು.

ನನಗೆ ಸಿಟ್ಟು ಬರುವುದು ನಿಯಮದ ಮೇಲೆ ಅಲ್ಲ. ವಿಮಾನದಲ್ಲಿ ಕೂತವರ ಜೀವದ ಪ್ರಶ್ನೆ, ಬುಟ್ಟಿ ಇರಲಿ, ಕಾಕಾನ ಸಿಂಟೆಕ್ಸ್ ಹಾಳಾಗಿ ಹೋಗಲಿ. ಸಿಟ್ಟು ಬರುವುದು ನಿಲ್ದಾಣದ ಗೇಟು ದಾಟಿ ರಸ್ತೆಗೆ ಬಂದಾಗ. ಒಳಗೆ ರನ್‌ವೇ ಮೇಲೆ ಒಂದು ಹರಳು, ಒಂದು ಮೊಳೆ ಬಿದ್ದಿದೆಯಾ ಅಂತ ದಿನವೂ ನೋಡಬೇಕು, ಅದು ನಿಯಮ. ಹೊರಗೆ ರಸ್ತೆ ಮೇಲೆ ಜಲ್ಲಿಯ ಗುಡ್ಡೆ ಹಾಕಿ ಹೋದವರು ಎರಡು ಮಳೆಗಾಲ ಕಳೆದರೂ ತಿರುಗಿ ಬಂದಿಲ್ಲ. ಒಳಗೆ ರನ್‌ವೇ ಪಕ್ಕದ ದೀಪ, ಫಲಕ ಏನೇ ಇರಲಿ, ವಿಮಾನ ತಾಗಿದರೆ ಅದು ಪಟ್ಟನೆ ಮುರಿದು ಬೀಳುವಂತೆ ಮಾಡಿರಬೇಕು, ವಿಮಾನಕ್ಕೆ ಪೆಟ್ಟಾಗಬಾರದು. ಹೊರಗೆ ರಸ್ತೆಯ ಹಂಪ್‌ಗೆ ಬೈಕ್ ತಾಗಿದರೆ ಹಂಪ್ ಮುರಿಯುವುದಿಲ್ಲ, ನಾವು ಮುರಿಯುತ್ತೇವೆ.

ನಾನು ಮುರಿದಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಹೋದ ವರ್ಷ ರಾತ್ರಿ ಕಾಕಾನ ಊರಿಂದ ಬರುವಾಗ ಬಣ್ಣ ಇಲ್ಲದ, ಫಲಕ ಇಲ್ಲದ ಒಂದು ಹಂಪ್ ನನ್ನನ್ನು ಹಾರಿಸಿತು. ಆ ದಾರಿಯಲ್ಲಿ ಆ ತಿಂಗಳು ಹಾರಿದ್ದು ನಾನೊಬ್ಬನೇ ಇರಬೇಕು. ಮೊಣಕಾಲ ಚಿಪ್ಪು ಬಿರುಕು ಬಿಟ್ಟು ಆರು ವಾರ ಮಂಚದ ಮೇಲೆ. ಎದ್ದ ಮೇಲೆ ಟೇಪ್ ಹಿಡಿದು ಹೋಗಿ ಅಳೆದೆ. ನಮ್ಮ ದೇಶದಲ್ಲಿ ಹಂಪ್‌ಗೂ ಅಳತೆ ಇದೆ, ಗೊತ್ತಾ? 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯಬೇಕು. ನನ್ನನ್ನು ಕೆಡವಿದ್ದು 23 ಸೆಂಟಿಮೀಟರ್ ಎತ್ತರ, ಒಂದು ಮೊಳ ಅಗಲ. ದೂರು ಬರೆದು ಸಂಬಂಧಪಟ್ಟವರಿಗೆ ಕೊಟ್ಟೆ. ಅವರು ಓದಿ, "ಇದು ನಮ್ಮ ರಸ್ತೆ ಅಲ್ರಿ" ಅಂದರು. ಯಾರದು ಅಂತ ಇನ್ನೂ ಹುಡುಕುತ್ತಿದ್ದೇನೆ. ಕಾಕಾನ ಹೊಲದ ಮೇಲಿನ ಗಾಳಿ ಯಾರದು ಅಂತ ಇಂಚಿನವರೆಗೆ ಗೊತ್ತಿರುವ ನಾಡಿನಲ್ಲಿ, ಕಾಲ ಕೆಳಗಿನ ಡಾಂಬರು ಯಾರದು ಅಂತ ಯಾರಿಗೂ ಗೊತ್ತಿಲ್ಲ.

ಸಿಂಟೆಕ್ಸ್ ಕೊನೆಗೆ ಅಂಗಳದಲ್ಲಿ ಕೂತಿತು. ಎರಡು ಶಹಾಬಾದ್ ಫರ್ಸಿ ಹಾಸಿ ಅದರ ಮೇಲೆ ಇಟ್ಟಿದ್ದಾರೆ. ನಳಕ್ಕೆ ನೀರು ಏರುವುದಿಲ್ಲ, ಚಿಗವ್ವ ಕೊಡದಿಂದ ತುಂಬಿಕೊಂಡು ಒಳಗೆ ಒಯ್ಯುತ್ತಾರೆ. ವಿಮಾನಗಳಿಗೆ ಇನ್ನು ಭಯ ಇಲ್ಲ.

ಗಿಡದ ನೋಟಿಸ್ ಮಾತ್ರ ಉಳಿದಿತ್ತು. ಮೊನ್ನೆ ಮೇ ತಿಂಗಳ ಉರಿಬಿಸಿಲಿನಲ್ಲಿ ಅಳೆಯುವವರು ಮತ್ತೆ ಬಂದರು, ಈ ಸಲ ನಾಲ್ಕು ಜನ. ರನ್‌ವೇ ಸುತ್ತ ಎಲ್ಲೂ ಒಂದು ಗಿಡ ಇಲ್ಲ, ಇರಬಾರದು. ಜೀಪನ್ನು ಬೇವಿನ ಗಿಡದ ಕೆಳಗೆ ತಂದು ನಿಲ್ಲಿಸಿದರು. ಯಂತ್ರ ಇಳಿಸಿದರು, ಮುಟ್ಟಿ ನೋಡಿದರೆ ಸುಡುತ್ತಿತ್ತು, ಅದನ್ನೂ ನೆರಳಿಗೆ ಎಳೆದುಕೊಂಡರು. ಆಮೇಲೆ ಡಬ್ಬಿ ಬಿಚ್ಚಿದರು. ಚಿಗವ್ವ ಎರಡು ಕಟಕ ರೊಟ್ಟಿ, ಪುಂಡಿಪಲ್ಯ, ಒಂದು ತಂಬಿಗೆ ಮಜ್ಜಿಗೆ ತಂದಿಟ್ಟರು. ಉಂಡು, ಅಲ್ಲೇ ಟವಲ್ ಹಾಸಿ, ಅರ್ಧ ತಾಸು ಅಡ್ಡಾದರು. ಎದ್ದ ಮೇಲೆ ಅವರಲ್ಲಿ ದೊಡ್ಡವರು ಗಿಡದ ತುದಿಗೆ ಯಂತ್ರ ಹಿಡಿದು, ಕಾಗದದ ಮೇಲೆ ಬರೆದರು: ಹೋದ ಸಲಕ್ಕಿಂತ 40 ಸೆಂಟಿಮೀಟರ್ ಜಾಸ್ತಿ.

"ಕಾಕಾ, ನೆರಳ ಮಾತ್ರ ಭಾಳ ಚಲೋ ಅದ ನೋಡ್ರಿ" ಅಂದರು, ಜೀಪು ಹತ್ತುವಾಗ.

"ಹೌದ್ರಿ. ಮುಂದಿನ ವರ್ಷ ಬರುವಾಗ ಛತ್ರಿ ತರ್ರಿ" ಅಂದರು ಕಾಕಾ.