ಸಿಲೋನ್ ಬ್ಯಾಂಕ್ ಎದುರು ಸಿಗೋಣ

ರಾವಣನಿಗೆ ಇದ್ದದ್ದು ಹತ್ತೇ ತಲೆ. ಅವನ ದ್ವೀಪದ ಹೆಸರುಗಳನ್ನು ತಲೆಗೊಂದರಂತೆ ಹಂಚಿದರೂ ಇನ್ನೂ ಮಿಗುತ್ತವೆ.

ಅಶೋಕನ ಶಾಸನದಲ್ಲಿ ಅದು ತಂಬಪಣ್ಣಿ, ಅಂದರೆ ತಾಮ್ರಪರ್ಣಿ. ಗ್ರೀಕರ ನಾಲಿಗೆಯಲ್ಲಿ ಅದೇ ತಪ್ರೊಬೇನ್ ಆಯಿತು. ಹಳೆಯ ಕಾಲದ ಭೂಗೋಳ ಪಂಡಿತ ಟಾಲೆಮಿ ಅಂತೂ ಭೂಪಟದಲ್ಲಿ ಅದನ್ನು ಇರುವುದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ ಬರೆದಿಟ್ಟ, ಯಾರು ಕೇಳ್ತಾರೆ ಅಂತ. ಸಿಂಹಳದ್ವೀಪ ಅನ್ನುವುದು ಅರಬ್ಬರ ಬಾಯಲ್ಲಿ ಸರಂದೀಬ್ ಆಯಿತು. ಸಿಂಹಳ ಪೋರ್ಚುಗೀಸರ ಕೈಗೆ ಸಿಕ್ಕಿ ಸೈಲಾವೊ, ಬ್ರಿಟಿಷರ ಕೈಗೆ ಬರುವಷ್ಟರಲ್ಲಿ ಸಿಲೋನ್. ಹಳೆಯ ಸರಂದೀಬನ್ನೇ ಹಿಡಿದು ಇಂಗ್ಲಿಷ್ ಲೇಖಕ ಹೊರೇಸ್ ವಾಲ್‌ಪೋಲ್ 1754ರಲ್ಲಿ ‘ಸೆರೆಂಡಿಪಿಟಿ’ ಎಂಬ ಇಂಗ್ಲಿಷ್ ಪದ ಹುಟ್ಟಿಸಿದ. ಹುಡುಕದೇ ಒಳ್ಳೆಯದೊಂದು ಕೈಗೆ ಸಿಗುವುದು ಅಂತ ಅರ್ಥ.

ಅದೇ ದ್ವೀಪದಲ್ಲಿ ನನ್ನ ಗೆಳೆಯ ಹುಡುಕಿದರೂ ಸಿಗಲಿಲ್ಲ ನೋಡಿ.

ಕೊಲಂಬೊದ ಫೋರ್ಟ್ ಪ್ರದೇಶ. ಬ್ಯಾಂಕ್ ಆಫ್ ಸಿಲೋನ್ ಎದುರು ನಿಂತಿರು ಅಂತ ಹೇಳಿದ್ದೆ. ಎತ್ತರದ ಕಟ್ಟಡ, ಕುರುಡನಿಗೂ ಕಾಣುತ್ತದೆ. ಆದರೆ ನಮ್ಮವನು ಓದಿಕೊಂಡವನು. 1972ರಲ್ಲೇ ದೇಶದ ಹೆಸರು ಬದಲಾಗಿದೆ, ಹಾಗಾದರೆ ಬ್ಯಾಂಕಿನದ್ದೂ ಬದಲಾಗಿರಲೇಬೇಕು ಅಂತ ತಾನೇ ತೀರ್ಮಾನಿಸಿ, ಸೀದಾ ಸೆಂಟ್ರಲ್ ಬ್ಯಾಂಕ್ ಆಫ್ ಶ್ರೀಲಂಕಾ ಮುಂದೆ ಹೋಗಿ ನಿಂತಿದ್ದ.

“ಎಲ್ಲಿದ್ದೀಯೋ?”

“ಬ್ಯಾಂಕ್ ಮುಂದೆ.”

“ನಾನೂ ಬ್ಯಾಂಕ್ ಮುಂದೇನೇ ಇದ್ದೀನಿ!”

ಒಂದೇ ಫೋರ್ಟಿನೊಳಗೆ, ಸುಡುಬಿಸಿಲಲ್ಲಿ, ಇಬ್ಬರೂ ಬೆವರು ಒರೆಸಿಕೊಳ್ಳುತ್ತಾ ಒಬ್ಬರಿಗೊಬ್ಬರು ಸುಳ್ಳುಗಾರರಾದೆವು. ಸಿಕ್ಕ ಮೇಲೂ ಬಿಡಲಿಲ್ಲ, “ಸಿಲೋನ್ ಅನ್ನೋ ಊರೇ ಇಲ್ಲ ಕಣೋ” ಅಂತ ಶುರು ಮಾಡಿದ. ಸರ್ಕಾರಿ ಸಂಸ್ಥೆಗಳಿಂದ ಆ ಹೆಸರು ತೆಗೆಯಬೇಕು ಅಂತ 2011ರಲ್ಲಿ ಅಲ್ಲಿನ ಸರ್ಕಾರವೇ ಹೊರಟಿತ್ತು, ನಿಜ. ಆದರೆ ಈ ಬ್ಯಾಂಕಿನ ಬೋರ್ಡು ಹಾಗೇ ಇದೆ, ಕರೆಂಟ್ ಬಿಲ್ ಕಳಿಸುತ್ತಿದ್ದ ಮಂಡಳಿಯ ಮೇಲೂ ಸಿಲೋನೇ ಉಳಿಯಿತು. ಟೀಯಂತೂ ಕೇಳಲೇಬೇಡಿ, ಸಿಲೋನ್ ಟೀ ಅಂದರೇನೇ ಜಗತ್ತಿಗೆ ರುಚಿ.

ನಾನು ಸುಮ್ನೆ ಜೇಬಿನಿಂದ ಒಂದು ನೋಟು ತೆಗೆದು ಅವನ ಮೂಗಿನ ಮುಂದೆ ಹಿಡಿದೆ. ಸಿಂಹಳದ ದುಂಡು ಅಕ್ಷರಗಳಲ್ಲಿ ‘ಶ್ರೀ ಲಂಕಾ’. ಅದೇ ನೋಟಿನ ತಮಿಳಿನಲ್ಲಿ ಬರೀ ‘ಇಲಂಗೈ’. ಲಕಾರದಿಂದ ಪದ ಶುರು ಮಾಡುವುದು ತಮಿಳಿನ ಜಾಯಮಾನವಲ್ಲ, ಅದಕ್ಕೇ ಮುಂದೊಂದು ‘ಇ’. ಶ್ರೀ ಅಂತೂ ನಾಪತ್ತೆ.

ಅವನು ನೋಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ಸರಿ, ಟೀ ದುಡ್ಡು ಇದರಲ್ಲೇ ಕೊಡು” ಅಂದು, ನೋಟು ತನ್ನ ಜೇಬಿಗಿಳಿಸಿದ.