ಹುಲ್ಲು ಉಳಿಸಲು ಟ್ಯಾಂಕರ್ ಮಾಲೀಕರ ಜತೆ ಒಪ್ಪಂದ

ಬೆಂಗಳೂರಿನ ಲೇಔಟುಗಳಿಗೆ ಈಗ ಪರಿಸರದ ಮೇಲೆ ವಿಪರೀತ ಪ್ರೀತಿ. ಪ್ರೀತಿ ಬಂದ ಮೇಲೆ ಸುಮ್ನೆ ಇರೋಕಾಗುತ್ತಾ? ಒಪ್ಪಂದ ಆಗಬೇಕು, ಬ್ಯಾನರ್ ಕಟ್ಟಬೇಕು, ಶಾಲು ಹೊದಿಸಬೇಕು.

'ಪರಿಸರಸ್ನೇಹಿ ಲಾನ್‌ಗಾಗಿ ಸಹಭಾಗಿತ್ವ' ಅನ್ನುವ ಸಮಾರಂಭವೊಂದನ್ನು ಕಲ್ಪಿಸಿಕೊಳ್ಳಿ. ವೇದಿಕೆಯ ಬಲಗಡೆ ಗೊಬ್ಬರದ ಅಂಗಡಿಯವರು. ಯೂರಿಯಾ ಮಿತವಾಗಿ ಬಳಸಿ ಅಂತ ಅವರದೇ ಭಾಷಣ, ಕೆಳಗೆ ಅವರದೇ ಮಳಿಗೆ. ಎಡಗಡೆ ಟ್ಯಾಂಕರ್ ಮಾಲೀಕರು. ಅವರು ಇವತ್ತಿನಿಂದ 'ಜಲಸಂರಕ್ಷಣಾ ಪಾಲುದಾರರು'. ನಡುವೆ ಸಂಘದ ಅಧ್ಯಕ್ಷರು. ದಿನಾ ಹುಲ್ಲು ನೋಡಿಕೊಳ್ಳುವ ಮಾಲಿ ಎಲ್ಲಿ? ಕುರ್ಚಿ ಜೋಡಿಸುತ್ತಿದ್ದಾರೆ.

ಈ ಹುಲ್ಲಿನ ವೈಭೋಗ ನೋಡಿ. ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ತಂದು, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪ್ ಮಾಡಿ, ಕೊನೆಗೆ 'ಹುಲ್ಲಿನ ಮೇಲೆ ನಡೆಯಬೇಡಿ' ಅನ್ನುವ ಬೋರ್ಡಿನ ಬುಡಕ್ಕೆ ಬಿಡುತ್ತೇವೆ. 2024ರ ಮಾರ್ಚಿನಲ್ಲಿ ಊರಿಗೆ ಊರೇ ಕೊಡ ಹಿಡಿದು ನಿಂತಾಗ ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಿಟ್ಟರೆ 5,000 ರೂಪಾಯಿ ದಂಡ ಅಂದಿತು. ದಂಡದ ಭಯಕ್ಕೆ ಕೆಲವರು ರಾತ್ರಿ ನೀರು ಹಾಯಿಸುವುದನ್ನು ಕಲಿತರು. ಸಂಸ್ಕರಿಸಿದ ನೀರು ಅಪಾರ್ಟ್‌ಮೆಂಟಿನಲ್ಲೇ ಇದೆಯಲ್ಲ ಅಂದರೆ, ಅದು ವಾಸನೆಯಂತೆ. ಅದನ್ನು ಮೋರಿಗೆ ಬಿಟ್ಟು ಆಮೇಲೆ ಕೆರೆ ಉಳಿಸಿ ಅಂತ ನಡಿಗೆ ಹೋಗುತ್ತಾರೆ.

ಇನ್ನು ಗರಿಕೆ. ನೆಲದಲ್ಲಿ ತಾನಾಗಿ ಹಬ್ಬುತ್ತೆ, ಬೇಸಿಗೆಯಲ್ಲಿ ಒಣಗಿ ಮಳೆ ಬಿದ್ದ ಕೂಡಲೇ ಚಿಗುರುತ್ತೆ, ತುಳಿದರೂ ಸಾಯಲ್ಲ. ಹಾಗಾಗಿ ಅದು ಕಳೆ! ಚದರಡಿ ಲೆಕ್ಕದಲ್ಲಿ ಕೊಂಡು ಹಾಸಿದ ಮೆಕ್ಸಿಕನ್ ಲಾನ್ ನಡುವೆ ತಲೆಯೆತ್ತಿದರೆ ಬೇರುಸಮೇತ ಕೀಳಿಸುತ್ತಾರೆ. ಗಣೇಶನ ಹಬ್ಬದ ಹಿಂದಿನ ದಿನ ಅದೇ ಅಧ್ಯಕ್ಷರು ಮಾರ್ಕೆಟ್ಟಿನಲ್ಲಿ ನಿಂತು ಗರಿಕೆ ಕಟ್ಟಿಗೆ ಚೌಕಾಸಿ ಮಾಡುತ್ತಿರುತ್ತಾರೆ.

ಮಾಲಿಯನ್ನು ಕೇಳಿದ್ದರೆ ಎರಡೇ ನಿಮಿಷದಲ್ಲಿ ಹೇಳುತ್ತಿದ್ದರು: "ಸಾರ್, ಅಷ್ಟೊಂದು ಗಿಡ್ಡಕ್ಕೆ ಕತ್ತರಿಸಬೇಡಿ, ಬೇರು ಸುಡುತ್ತೆ. ಕತ್ತರಿಸಿದ್ದನ್ನು ಅಲ್ಲೇ ಬಿಡಿ, ಅದೇ ಗೊಬ್ಬರ. ಬೆಳಗ್ಗೆ ಹೊತ್ತೇ ನೀರು ಹಾಕಿ. ಮಳೆ ಬಂದ ದಿನ ಸ್ಪ್ರಿಂಕ್ಲರ್ ಆಫ್ ಮಾಡಿ." ಆದರೆ ಇದರಲ್ಲಿ ಮಾರುವುದಕ್ಕೆ ಏನಿದೆ? ಯಾರು ಪ್ರಾಯೋಜಿಸುತ್ತಾರೆ? ಬ್ಯಾನರಿನಲ್ಲಿ ಯಾರ ಫೋಟೋ ಹಾಕೋದು?

ಒಪ್ಪಂದವಾಗಿ ಬೇಸಿಗೆ ಬರುವ ಹೊತ್ತಿಗೆ ಲಾನ್ ಹಳದಿಯಾಗುತ್ತೆ. ತುರ್ತು ಸಭೆ. ಹೊಸ ಪಾಲುದಾರರೊಬ್ಬರು ಪ್ಲಾಸ್ಟಿಕ್ ಹುಲ್ಲಿನ ಸ್ಯಾಂಪಲ್ ಹಿಡಿದು ಬರುತ್ತಾರೆ. ಗೊಬ್ಬರ ಬೇಡ, ಕತ್ತರಿಸೋದು ಬೇಡ, ವರ್ಷವಿಡೀ ಹಸಿರು. ಸಭೆಯಲ್ಲಿ ಚಪ್ಪಾಳೆ. ಗೊಬ್ಬರದವರ ಮುಖ ಸ್ವಲ್ಪ ಸಪ್ಪಗಾಗುತ್ತೆ.

"ಒಂದೇ ವಿಷಯ ಸಾರ್" ಅನ್ನುತ್ತಾರೆ ಹೊಸಬರು. "ಬಿಸಿಲಿಗೆ ಇದು ಕಾಲಿಡಲಾಗದಷ್ಟು ಕಾಯುತ್ತೆ, ಧೂಳೂ ಕೂರುತ್ತೆ. ಆಗಾಗ ಚೆನ್ನಾಗಿ ನೀರು ಹಾಕಿ ತೊಳೀಬೇಕು."

ಟ್ಯಾಂಕರ್ ಮಾಲೀಕರು ಆಗಲೇ ಪೆನ್ನಿನ ಕ್ಯಾಪ್ ತೆಗೆದಿದ್ದಾರೆ.