ಕಣ್ಣಿಗೊಂದಿಷ್ಟು ಕೆಲಸ

ಈಗಿನ ಸಿನಿಮಾವನ್ನು ಬೆನ್ನು ತಿರುಗಿಸಿಕೊಂಡೂ ನೋಡಬಹುದು. ಬಟ್ಟೆ ಮಡಚುತ್ತ, ಫೋನು ತೀಡುತ್ತ ಎರಡೂವರೆ ಗಂಟೆ ಕಳೆದರೂ ಮಾತು ಕಥೆಯನ್ನು ದಡ ಮುಟ್ಟಿಸಿರುತ್ತದೆ. ಮೂಕಿ ಚಿತ್ರದೆದುರು ಈ ಆಟ ನಡೆಯುವುದಿಲ್ಲ. ಅರೆಗಳಿಗೆ ಕಣ್ಣು ತಪ್ಪಿದರೆ ಯಾರು ಯಾರ ಜೇಬಿಗೆ ಏನು ಸೇರಿಸಿದರೆಂದು ಹೇಳುವವರೇ ಇಲ್ಲ. ರುಚಿ ಹತ್ತುವುದೂ ಈ ಬಿಗಿಯಿಂದಲೇ.

ಆದರೂ ಹೊಸಬರು ಹತ್ತು ನಿಮಿಷಕ್ಕೇ ಎದ್ದುಬಿಡುತ್ತಾರೆ. ತಪ್ಪು ಅವರದ್ದೂ ಅಲ್ಲ, ಚಿತ್ರದ್ದೂ ಅಲ್ಲ. ಬಹಳ ಸಲ ಸಿಕ್ಕ ಪ್ರತಿಯೇ ಕೆಟ್ಟದ್ದು. ಜನ ಕೀಲಿ ಕೊಟ್ಟ ಗೊಂಬೆಗಳಂತೆ ಓಡಾಡುತ್ತಾರೆ ಎಂಬುದು ಮೊದಲ ತಕರಾರು. ಆಗ ಕ್ಯಾಮೆರಾದ ಹಿಡಿಕೆಯನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ಒಂದು ಸುತ್ತಿಗೆ 8 ಫ್ರೇಮು, ಅಂದರೆ ಎಂಟು ಬಿಡಿಚಿತ್ರ; ಸೆಕೆಂಡಿಗೆ ಎರಡು ಸುತ್ತು: ಒಟ್ಟು 16 ಫ್ರೇಮು. ಇದೂ ಅಂದಾಜಿನ ಲೆಕ್ಕವೇ. ಕೈಯಿಂದ ಕೈಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತಿತ್ತು. ಧ್ವನಿ ಬಂದ ಮೇಲೆ ವೇಗ 24ಕ್ಕೆ ನಿಂತಿತು. 16ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಎಲ್ಲವೂ ಒಂದೂವರೆ ಪಟ್ಟು ಚುರುಕು, ಶವಯಾತ್ರೆಗೂ ನಗು ಬರುತ್ತದೆ. ಅನುಮಾನ ಬಂದರೆ ನಟರನ್ನು ಬಿಟ್ಟು, ಸುರಿಯುವ ನೀರನ್ನೋ ಕೆಳಗೆ ಬೀಳುವ ಬಟ್ಟೆಯನ್ನೋ ನೋಡಿ; ಅವಕ್ಕೆ ನಟನೆ ಬಾರದು. ಅವೂ ಅವಸರದಲ್ಲಿದ್ದರೆ ಧ್ವನಿ ಮುಚ್ಚಿ, ವೇಗವನ್ನು 0.75ಕ್ಕೆ ಇಳಿಸಿ. ಹಾಸ್ಯಚಿತ್ರಗಳಿಗೆ ಮಾತ್ರ ಈ ಮದ್ದು ಬೇಡ. ಅಲ್ಲಿ ಬೇಕೆಂದೇ ಹಿಡಿಕೆಯನ್ನು ನಿಧಾನ ತಿರುಗಿಸಿ ಓಟಕ್ಕೆ ಚುರುಕು ಕೊಟ್ಟಿರುತ್ತಾರೆ.

ಎರಡನೆಯದು ಬಣ್ಣದ ಗೊಂದಲ. ಕಪ್ಪು ಬಿಳುಪು ಎಂದು ನಾವು ಕರೆದರೂ ಆ ಕಾಲದ ಎಷ್ಟೋ ಪ್ರತಿಗಳನ್ನು ಬಣ್ಣದಲ್ಲಿ ಅದ್ದಿರುತ್ತಿದ್ದರು. ರಾತ್ರಿಗೆ ನೀಲಿ, ದೀಪದ ಬೆಳಕಿಗೆ ಹಳದಿ, ಬೆಂಕಿಗೆ ಕೆಂಪು. ರಾತ್ರಿಯ ದೃಶ್ಯವನ್ನು ಹಗಲಲ್ಲೇ ತೆಗೆದು ನೀಲಿಗೆ ಅದ್ದಿದರೆ ಮುಗಿಯಿತು. ಮುಂದೆ ಯಾರೋ ಬಣ್ಣವಿಲ್ಲದ ನಕಲು ತೆಗೆದರೆ ಆ ರಾತ್ರಿ ಮತ್ತೆ ಹಗಲಾಗುತ್ತದೆ. ‘ನೊಸ್ಫೆರಾಟು’ (1922) ಚಿತ್ರದ ಬಣ್ಣಗೆಟ್ಟ ಪ್ರತಿಗಳಲ್ಲಿ, ಬಿಸಿಲು ತಾಗಿದರೆ ಸಾಯಬೇಕಾದ ರಕ್ತಪಿಶಾಚಿ ಶವಪೆಟ್ಟಿಗೆ ಹೊತ್ತು ಹಾಡುಹಗಲೇ ಬೀದಿ ದಾಟುತ್ತದೆ. ಬಣ್ಣ ಮರಳಿಸಿದ ಪ್ರತಿಯನ್ನೇ ಹುಡುಕಿ; ನೋಡುತ್ತಿರುವುದು ಬೇರೆಯೇ ಚಿತ್ರ ಅನ್ನಿಸುವಷ್ಟು ವ್ಯತ್ಯಾಸ.

ಸಂಗೀತದ ಕಾಟ ಇನ್ನೊಂದು. ಚಿಕ್ಕ ಚಿತ್ರಮಂದಿರದಲ್ಲಿ ಪಿಯಾನೋ, ದೊಡ್ಡದರಲ್ಲಿ ವಾದ್ಯಮೇಳ ಚಿತ್ರದ ಜೊತೆಗೇ ನುಡಿಯುತ್ತಿತ್ತು. ಈಗ ಅಂತರ್ಜಾಲಕ್ಕೆ ಏರಿಸುವವರು ಕೈಗೆ ಸಿಕ್ಕಿದ ರಾಗವೊಂದನ್ನು ಅಂಟಿಸಿಬಿಡುತ್ತಾರೆ, ಬೆನ್ನಟ್ಟುವ ದೃಶ್ಯಕ್ಕೆ ಜೋಗುಳ! ಮುಚ್ಚಿಬಿಡಿ. ಆದರೆ ಪೂರ್ಣ ನಿಶ್ಶಬ್ದದಲ್ಲಿ ಇಪ್ಪತ್ತು ನಿಮಿಷ ದಾಟುವುದು ಕಷ್ಟ; ಉದ್ದದ ಚಿತ್ರವಾದರೆ ಅದಕ್ಕೆಂದೇ ಹೊಸೆದ ಸಂಗೀತವಿರುವ ಪ್ರತಿಗೆ ಕಾಯುವುದೇ ಮೇಲು.

ಶುರುವಿಗೆ ಎರಡು ರೀಲಿನ, ಅಂದರೆ ಇಪ್ಪತ್ತು ನಿಮಿಷದ ಆಸುಪಾಸಿನ ಹಾಸ್ಯ ಒಳ್ಳೆಯದು. ಬಸ್ಟರ್ ಕೀಟನ್‌ನ ‘ಒನ್ ವೀಕ್’ನಲ್ಲಿ (1920) ನವದಂಪತಿಗೆ ಮದುವೆಯ ಉಡುಗೊರೆಯಾಗಿ ಬಿಡಿಭಾಗಗಳಲ್ಲಿ ಮನೆಯೊಂದು ಬರುತ್ತದೆ. ಹೊಟ್ಟೆಕಿಚ್ಚಿನವನೊಬ್ಬ ಪೆಟ್ಟಿಗೆಗಳ ಸಂಖ್ಯೆ ತಿದ್ದುತ್ತಾನೆ. ಆಮೇಲೆ ಎದ್ದು ನಿಂತ ಮನೆಯನ್ನು ಮಾತಿನಲ್ಲಿ ವರ್ಣಿಸಲು ಹೊರಟರೆ ನಗೆಯೇ ಸತ್ತೀತು. ಇದೇ ಕೀಟನ್ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ನಲ್ಲಿ (1928) ಸುಮ್ಮನೆ ನಿಂತಿರುವಾಗ ಮನೆಯ ಮುಂಗೋಡೆ ಇಡಿಯಾಗಿ ಅವನ ಮೇಲೆ ಬೀಳುತ್ತದೆ. ತೆರೆದ ಕಿಟಕಿ ಸರಿಯಾಗಿ ಅವನ ಸುತ್ತ ಬಂದು ಕೂರುತ್ತದೆ, ನಡುವೆ ಉಳಿದದ್ದು ಕೆಲವೇ ಇಂಚು. ಗೋಡೆಯೂ ನಿಜ, ಮನುಷ್ಯನೂ ನಿಜ.

ಇನ್ನು ‘ಅತಿ ನಟನೆ’ ಎಂಬ ದೂರು. ಆಗಿನ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು ತುಟಿ ಕಪ್ಪಾಗಿ, ಕೆಂಪುಮೊಗ ಕೊಳಕಾಗಿ ಬೀಳುತ್ತಿತ್ತು. ಅದಕ್ಕೇ ಮುಖಕ್ಕೆ ಸುಣ್ಣ ಬಳಿದಷ್ಟು ದಪ್ಪ ಬಣ್ಣ. ನಟನೆ ಅತಿ ಎನ್ನಿಸುವುದರಲ್ಲಿ ಈ ಬಣ್ಣದ ಪಾಲೂ ಇದೆ. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಫಿಲ್ಮು ಬಳಕೆಗೆ ಬಂದ ಮೇಲೆ ನಿರ್ದೇಶಕ ಡ್ರೇಯರ್ ‘ದಿ ಪ್ಯಾಷನ್ ಆಫ್ ಜೋನ್ ಆಫ್ ಆರ್ಕ್’ (1928) ಚಿತ್ರವನ್ನು ಬಣ್ಣ ಹಚ್ಚದ ಮುಖಗಳಲ್ಲೇ ತೆಗೆದ. ಸುಕ್ಕು, ಬೆವರು, ಕಣ್ಣಂಚಿನ ನೀರು ಎಲ್ಲವೂ ಇದ್ದಂತೆಯೇ ತೆರೆಗೆ ಬಂದವು. ಇದನ್ನು ಮೊದಲ ದಿನವೇ ಹಾಕಬೇಡಿ, ಭಾರವಾದೀತು.

ದೃಶ್ಯಗಳ ನಡುವೆ ಬರುವ ಬರಹದ ಫಲಕ ಓದುವುದೇ ಬೇಸರವೆನ್ನುವವರಿಗೆ ನಿರ್ದೇಶಕ ಮುರ್ನಾವುನ ‘ದಿ ಲಾಸ್ಟ್ ಲಾಫ್’ (1924) ಇದೆ. ದೊಡ್ಡ ಹೋಟೆಲಿನ ಬಾಗಿಲು ಕಾಯುವ ಮುದುಕನನ್ನು ಸಮವಸ್ತ್ರ ಕಿತ್ತುಕೊಂಡು ಶೌಚಾಲಯದ ಚಾಕರಿಗೆ ತಳ್ಳುತ್ತಾರೆ. ಅಲ್ಲಿಂದ ಮುದುಕನ ಪಾತ್ರದ ಎಮಿಲ್ ಯಾನಿಂಗ್ಸ್‌ನ ಬೆನ್ನು ಬಾಗುವುದನ್ನು ನೋಡುತ್ತಿದ್ದರೆ ಸಾಕು, ಇಡೀ ಕಥೆ ತಿಳಿಯುತ್ತದೆ. ಕಥೆ ಮುಂದುವರಿಸಲು ಫಲಕ ಬರುವುದು ಒಂದೇ ಬಾರಿ, ಕೊನೆಯ ಹತ್ತಿರ. ನಿಜದಲ್ಲಾದರೆ ಮುದುಕನಿಗೆ ಸಾವೇ ಗತಿ, ಆದರೆ ಬರೆದವನಿಗೆ ಕನಿಕರ ಹುಟ್ಟಿ ನಂಬಲಾಗದ ಸುಖಾಂತ್ಯವೊಂದನ್ನು ಜೋಡಿಸಿದ್ದಾನೆ ಎಂಬುದು ಅದರ ತಾತ್ಪರ್ಯ. ಅಷ್ಟು ಹೊತ್ತು ಬಾಯಿ ಬಿಡದ ಚಿತ್ರ ಬಾಯಿ ತೆರೆದದ್ದು ಈ ಸಬೂಬು ಹೇಳುವುದಕ್ಕೆ.